ಹೊಸ ಕುಂಡಕ್ಕೆ ಹಳೆಯ ಮೈ

ಪ್ರಶ್ನೆ: ನಾಗಮಂಗಲದ ಕಡೆಯ ಊರಿನ ಮನೆ ಬಿಟ್ಟು, ಮೈಸೂರಿನಲ್ಲಿ ಮಗ ಕಟ್ಟಿಸಿದ ಮನೆಗೆ ಬಂದು ಒಂದು ವರ್ಷವಾಯಿತು. ಊರಿನಿಂದ ತಂದದ್ದು ನಮ್ಮ ಅತ್ತೆಯವರ ಕಾಲದ ಒರಳುಕಲ್ಲು ಮತ್ತು ಮಣ್ಣಿನ ತುಳಸಿ ಕುಂಡ, ಇವೆರಡೇ. ಅವುಗಳ ಸುತ್ತ ಇಡಲು ಹತ್ತು ಮಣ್ಣಿನ ಕುಂಡ, ನಾಲ್ಕು ಸಿಮೆಂಟ್ ಕುಂಡ ಕೊಂಡೆ. ಆ ಕಿತ್ತಳೆ ಬಣ್ಣ, ಆ ಸಿಮೆಂಟಿನ ಬಿಳಚು ನೋಡಿದರೆ ಕಣ್ಣಿಗೆ ಹಿಡಿಸುತ್ತಿಲ್ಲ. ಮೊಸರು ಬಳಿದರೆ ಪಾಚಿ ಬರುತ್ತದೆ ಎಂದರು. ಬಳಿದೆ, ಇರುವೆ ಮುತ್ತಿದವು, ವಾಸನೆ ಬಂತು, ಪಾಚಿ ಬರಲಿಲ್ಲ. ಹಳೆಯ ಕಲ್ಲಿನಂತೆ ಕಾಣಿಸುವ ಬಣ್ಣವಿದೆ ಎಂದು ಅಂಗಡಿಯವರು ಹೇಳುತ್ತಾರೆ. ಹಚ್ಚಬಹುದೇ? ದಸರಾಕ್ಕೆ ಹೆಣ್ಣುಮಕ್ಕಳು, ಮೊಮ್ಮಕ್ಕಳು ಬರುತ್ತಾರೆ, ಅಷ್ಟರೊಳಗೆ ಆಗಬೇಕು. ಇನ್ನೊಂದು, ಒರಳಿನ ಮೇಲೆ ಬೂದು ಬಣ್ಣದ ಕಲೆಗಳು ಕೂತಿವೆ. ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಲೇ?
ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಅಮ್ಮ, ಮೊದಲು ಆ ತಂತಿ ಬ್ರಷ್ಷನ್ನು ಕೆಳಗಿಡಿ. ನೀವು ಕಲೆ ಎಂದು ಬರೆದಿರುವುದು ಕಲ್ಲುಹೂವು. ಮಸಾಲೆ ಹುರಿಯುವಾಗ ಚಕ್ಕೆ, ಲವಂಗದ ಜೊತೆಗೆ ಹಾಕುತ್ತೇವಲ್ಲ, ಅದರದೇ ಬಳಗ. ಒರಳಿನ ಮೇಲಿರುವುದು ಅಡುಗೆಗೆ ಬರುವ ಜಾತಿಯಲ್ಲ, ಕಲ್ಲಿಗೆ ತೊಗಲಿನಂತೆ ಅಂಟಿ ಬೆಳೆಯುವಂಥದ್ದು. ಒಂದು ಶಿಲೀಂಧ್ರವೂ ಒಂದು ಪಾಚಿಯೂ ಕೂಡಿ ಸಂಸಾರ ಮಾಡಿಕೊಂಡಿರುವ ಜೀವ ಅದು. ಕಲ್ಲಿಗೆ ಅಂಟಿದ ಜಾತಿಗಳು ಬಹುಪಾಲು ವರ್ಷಕ್ಕೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಹರಡುವುದಿಲ್ಲ. ಹಳೆಯ ನಾಲ್ಕಾಣೆ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಮೂಡಿದೆ ಎಂದರೆ ಅದಕ್ಕೆ ಹತ್ತು ವರ್ಷ ಹಿಡಿದಿರಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ನಿಮ್ಮ ಅಂಗಳದಲ್ಲಿ ಯಾವ ಅಂಗಡಿಯಲ್ಲೂ ಸಿಗದ ವಸ್ತು ಯಾವುದಾದರೂ ಇದ್ದರೆ ಅದು ಆ ಬೂದು ಬಿಲ್ಲೆಗಳೇ. ಒರಳು ಊರಿನಲ್ಲಿ ನೆರಳಿನಲ್ಲಿತ್ತೋ ಬಿಸಿಲಿನಲ್ಲಿತ್ತೋ ನೆನಪು ಮಾಡಿಕೊಂಡು, ಇಲ್ಲಿಯೂ ಹಾಗೆಯೇ ಇಡಿ. ಸೋಪು, ಬ್ಲೀಚಿಂಗ್ ಪುಡಿ ಹತ್ತಿರ ತರಬೇಡಿ.

ಇನ್ನು ಅಂಗಡಿಯ ಬಣ್ಣ. ಬೇಡ. ಕಾರಣ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಉಳಿದೆಲ್ಲ ಭಾಗಕ್ಕೂ ಉತ್ತರ ಆ ಕಾರಣದಲ್ಲೇ ಇದೆ.

ಬೇಸಿಗೆಯಲ್ಲಿ ಹೊಸ ಮಡಕೆ ತಂದು ನೀರು ತುಂಬಿಡುತ್ತೇವೆ. ಸ್ವಲ್ಪ ಹೊತ್ತಿಗೆ ಹೊರಮೈ ಬೆವರುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಒಂದೆರಡು ಬೇಸಿಗೆ ಕಳೆದ ಮೇಲೆ ಅದೇ ಮಡಕೆ ಮೊದಲಿನಷ್ಟು ತಂಪು ಕೊಡುವುದಿಲ್ಲ ಎಂದು ನೀವೂ ಹೇಳಿರುತ್ತೀರಿ. ನೀರಿನಲ್ಲಿದ್ದ ಸುಣ್ಣ, ಉಪ್ಪು ಅದರ ರಂಧ್ರಗಳಲ್ಲಿ ಕೂತು ಬಾಯಿ ಮುಚ್ಚಿರುತ್ತವೆ. ಹೊರಗೆ ಬಿಳಿ ಪೊರೆ ಕಾಣುತ್ತದೆ. ಹೂಕುಂಡಕ್ಕೆ ವಯಸ್ಸಾಗುವುದೂ ಹೀಗೆಯೇ. ಒಳಗಿನಿಂದ ನೀರು ಗೋಡೆಯನ್ನು ದಾಟಿ ಹೊರಗೆ ಬರಬೇಕು. ಬರುವಾಗ ಏನನ್ನು ತಂದಿತೋ ಅದನ್ನು ಹೊರಮೈಯಲ್ಲಿ ಬಿಟ್ಟು ಹೋಗಬೇಕು. ಆ ಒದ್ದೆಯನ್ನು ನಂಬಿ ಪಾಚಿ ಕೂರಬೇಕು. ಈ ದಾರಿಯನ್ನು ಮುಚ್ಚುವ ಯಾವ ಬಣ್ಣವೂ, ಯಾವ ವಾರ್ನಿಷ್ಷೂ ಕುಂಡಕ್ಕೆ ನಿಜವಾದ ವಯಸ್ಸು ಬರದಂತೆ ತಡೆಯುತ್ತದೆ.

ನಮ್ಮ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎರಡು ಕುಂಡಗಳಿವೆ. ಒಂದೇ ದಿನ, ಒಬ್ಬರೇ ಕುಂಬಾರರಿಂದ ಕೊಂಡವು. ಒಂದಕ್ಕೆ ಐದು ವರ್ಷಗಳ ಹಿಂದೆ ನಾನೇ ಹಳೆಯ ಕಲ್ಲಿನ ಬಣ್ಣದ ಎಣ್ಣೆ ಬಣ್ಣ ಹಚ್ಚಿದೆ, ಇನ್ನೊಂದನ್ನು ಹಾಗೆಯೇ ಬಿಟ್ಟೆ. ಎರಡರಲ್ಲೂ ಜರಿಗಿಡ. ಬಣ್ಣ ಹಚ್ಚಿದ್ದು ಮೊದಲ ಮೂರು ತಿಂಗಳು ಚೆನ್ನಾಗಿ ಕಂಡಿತು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಒಳಗಿನ ನೀರು ಹೊರಬರಲು ದಾರಿ ಕಾಣದೆ ಬಣ್ಣವನ್ನೇ ಹಿಂದಿನಿಂದ ತಳ್ಳಿ, ಹಪ್ಪಳದಂತೆ ಉಬ್ಬಿಸಿತು. ಈಗ ಬೆರಳಿನಿಂದ ಮುಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಕೆಳಗೆ ಅದೇ ಕಿತ್ತಳೆ ಮೈ ಇಣುಕುತ್ತದೆ. ಪಕ್ಕದ ಕುಂಡದ ಬುಡ ಹಸಿರು, ಹೊಟ್ಟೆ ಸುಣ್ಣ ಬಳಿದು ಒರೆಸಿದ ಹಾಗೆ ಮಾಸಲು ಬಿಳಿ, ಅಂಚು ಕೈ ತಾಗಿ ತಾಗಿ ಕಂದು. ಅದಕ್ಕೆ ನಾನು ನೀರು ಹಾಕಿದ್ದು ಬಿಟ್ಟರೆ ಏನೂ ಮಾಡಿಲ್ಲ.

ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಹತ್ತೂ ಕುಂಡಗಳಿಗೆ ಒಂದು ಪರೀಕ್ಷೆ ಮಾಡಿ. ಕುಂಡವನ್ನು ಒಣಗಿಸಿ, ಹೊರಮೈ ಮೇಲೆ ಒಂದು ಹನಿ ನೀರು ಬಿಡಿ. ಹನಿ ನಾಲ್ಕೈದು ಎಣಿಸುವುದರೊಳಗೆ ಹೀರಿಕೊಂಡು ಕಪ್ಪು ಚುಕ್ಕೆಯಾದರೆ ಕುಂಡದ ಬಾಯಿ ತೆರೆದಿದೆ. ಕೆಸುವಿನೆಲೆಯ ಮೇಲಿನಂತೆ ಗುಂಡಗೆ ಕೂತರೆ ಯಾವುದೋ ಬಣ್ಣವೋ ಮೆರುಗೋ ಬಿದ್ದಿದೆ. ಅನೇಕ ಕಡೆ ಕುಂಡಗಳು ಚೆನ್ನಾಗಿ ಕಾಣಲೆಂದು ಕೆಮ್ಮಣ್ಣು ಅಥವಾ ರೆಡ್ ಆಕ್ಸೈಡ್ ಬಳಿದು ಮಾರುತ್ತಾರೆ. ಬರೀ ಕೆಮ್ಮಣ್ಣಾದರೆ ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿದರೆ ಹೋಗುತ್ತದೆ. ಎಣ್ಣೆ ಬಣ್ಣವಾದರೆ ಉಪ್ಪುಕಾಗದದಿಂದ ತಾಳ್ಮೆಯಾಗಿ ತೆಗೆಯಬೇಕು, ಇಲ್ಲವೇ ಆ ಕುಂಡವನ್ನು ಈ ಲೆಕ್ಕದಿಂದ ಬಿಡಬೇಕು. ಇನ್ನೊಂದು ಮಾತು. ಊರಿನ ಕುಂಬಾರರ ಆವಿಗೆಯಲ್ಲಿ ಬೆಂದ ಕುಂಡಕ್ಕೆ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್ ಸಿಕ್ಕಿರುತ್ತದೆ. ಅದಕ್ಕಿಂತ ಹೆಚ್ಚು ಶಾಖದಲ್ಲಿ ಬೆಂದ ಕಾರ್ಖಾನೆಯ ಅಚ್ಚಿನ ಕುಂಡ ಗಟ್ಟಿ, ಆದರೆ ರಂಧ್ರ ಕಡಿಮೆ. ಬೇಗ ಹಳೆಯದಾಗುವುದು ಕುಂಬಾರರ ಕುಂಡವೇ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಕಂಚಿನಂತೆ ಗಣಗಣ ಎಂದರೆ ಹೆಚ್ಚು ಬೆಂದದ್ದು, ಸ್ವಲ್ಪ ಮೆತ್ತಗೆ ಠಣ್ ಎಂದರೆ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬದ್ ಎಂದರೆ ಬಿರುಕು ಬಿಟ್ಟಿದೆ, ಅಂಗಡಿಗೆ ವಾಪಸ್ ಕೊಡಿ.

ಪರೀಕ್ಷೆಯಲ್ಲಿ ಪಾಸಾದ ಕುಂಡವನ್ನು ದೊಡ್ಡ ಟಬ್ಬಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಮುಳುಗಿಸಿದ ಕೂಡಲೇ ಕಿವಿಗೊಟ್ಟರೆ ಸುಯ್ ಎನ್ನುವ ಸದ್ದು ಕೇಳುತ್ತದೆ, ಮೈಯಿಂದ ಸಾಸಿವೆಯಂಥ ಗುಳ್ಳೆಗಳು ಸಾಲುಸಾಲಾಗಿ ಏಳುತ್ತವೆ. ರಂಧ್ರಗಳಲ್ಲಿದ್ದ ಗಾಳಿ ಜಾಗ ಬಿಟ್ಟು ನೀರು ಒಳಗೆ ಹೋಗುವ ಸದ್ದು ಅದು. ಗುಳ್ಳೆ ನಿಂತ ಮೇಲೆ ತೆಗೆದರೆ ಕುಂಡದ ಬಣ್ಣ ಆಗಲೇ ಒಂದು ಮಟ್ಟ ಇಳಿದಿರುತ್ತದೆ. ಒಣಗಿದ ಕುಂಡಕ್ಕೆ ಏನು ಬಳಿದರೂ ಅದರ ನೀರನ್ನು ಕುಂಡ ಗಟಗಟ ಕುಡಿದು, ಬಳಿದದ್ದು ಪುಡಿಯಾಗಿ ಉದುರುತ್ತದೆ. ಇದು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಈಗ ನಿಮ್ಮ ತುಳಸಿ ಕುಂಡದ ಮುಂದೆ ಒಂದು ಮಣೆ ಹಾಕಿಕೊಂಡು ಕುಳಿತು ಅದನ್ನು ಓದಿ. ಓದಿ ಎಂದೇ ಹೇಳುತ್ತೇನೆ, ಏಕೆಂದರೆ ಹಳೆಯ ಕುಂಡದ ಮೈಮೇಲೆ ನೀರಿನ ದಾರಿ ಬರೆದಿರುತ್ತದೆ. ಬಿಳಿ ಇರುವುದು ಬಿಸಿಲು ಗಾಳಿ ತಾಗುವ ಕಡೆ. ನೀರು ಎಲ್ಲಿ ಬೇಗ ಆವಿಯಾಗುತ್ತದೋ ಅಲ್ಲಿ ಸುಣ್ಣವನ್ನು ಬಿಟ್ಟು ಹೋಗುತ್ತದೆ. ಹಸಿರು ಇರುವುದು ಗೋಡೆಯ ಕಡೆ, ನೆರಳಿನ ಕಡೆ, ಬುಡದಲ್ಲಿ. ಅಲ್ಲಿ ಒದ್ದೆ ಆರುವುದು ನಿಧಾನ. ಅಂಚಿನ ದಪ್ಪ ಪಟ್ಟಿಯ ಕೆಳಗೆ ಒಂದು ಬೆರಳಿನಷ್ಟು ಜಾಗ ಇನ್ನೂ ಕೆಂಪಗೆ ಹೊಸದಾಗಿಯೇ ಇರುತ್ತದೆ, ಮಳೆ ಅಲ್ಲಿ ತಾಗುವುದಿಲ್ಲ. ಅಂಚಿನ ಮೇಲ್ಭಾಗ ಮಾತ್ರ ಚೊಂಬು ತಾಗಿ, ಕೈ ತಾಗಿ ಸವೆದಿರುತ್ತದೆ. ಶ್ರೀರಂಗಪಟ್ಟಣಕ್ಕೆ ಹೋದಾಗ ಕೋಟೆಯ ಗೋಡೆಯನ್ನೂ ಹೀಗೆಯೇ ನೋಡಿ. ಮಳೆನೀರು ಮೇಲಿನಿಂದ ಇಳಿಯುವ ಜಾಡಿನಲ್ಲೇ ಕಪ್ಪು ಗೆರೆಗಳಿರುತ್ತವೆ. ನೀರು ತಾಗದ ಕಲ್ಲು ಬೋಳಾಗಿರುತ್ತದೆ. ಹೊಸ ಕುಂಡಕ್ಕೆ ವಯಸ್ಸು ಬರಿಸಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ. ಸುತ್ತಲೂ ಒಂದೇ ಸಮ ಬಿಳಿ, ಒಂದೇ ಸಮ ಹಸಿರು ಮೆತ್ತುತ್ತಾರೆ. ನೋಡಿದವರಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಕುಂಡದ ಯಾವ ಮಗ್ಗುಲು ಗೋಡೆಗೆ, ಯಾವ ಮಗ್ಗುಲು ಬಿಸಿಲಿಗೆ ಎಂದು ಮೊದಲೇ ತೀರ್ಮಾನಿಸಿ, ಸೀಮೆಸುಣ್ಣದಿಂದ ತಳದಲ್ಲಿ ಗುರುತು ಮಾಡಿಕೊಳ್ಳಿ. ಬಳಿಯುವುದೂ ಇಡುವುದೂ ಆ ಗುರುತಿನಂತೆಯೇ ನಡೆಯಲಿ.

ಬಿಸಿಲಿನಲ್ಲಿ ಇರುವ ಗಿಡಗಳ ಕುಂಡಗಳಿಗೆ, ಅಂದರೆ ನಿಮ್ಮ ಮೈಸೂರು ಮಲ್ಲಿಗೆ, ದಾಸವಾಳ, ತುಳಸಿಗೆ, ಬಿಳಿ ವಯಸ್ಸೇ ಸಹಜ. ಇದು ಸುಲಭ. ಒಂದು ಲೋಟ ಅರಳಿದ ಸುಣ್ಣಕ್ಕೆ ಎರಡು ಲೋಟ ನೀರು ಬೆರೆಸಿ, ನೀರು ಮಜ್ಜಿಗೆಯ ಹದಕ್ಕೆ ತನ್ನಿ. ಒಂದೆರಡು ಕುಂಡಕ್ಕಾದರೆ ವೀಳ್ಯದ ಸುಣ್ಣದ ಡಬ್ಬಿಯೇ ಸಾಕು. ಸುಟ್ಟ ಸುಣ್ಣದ ಕಲ್ಲನ್ನು ನೀವೇ ಅರಳಿಸಲು ಹೋಗಬೇಡಿ, ಅದು ಕುದಿದು ಸಿಡಿಯುತ್ತದೆ. ಅರಳಿದ ಸುಣ್ಣವೂ ಕಣ್ಣಿಗೆ ಅಪಾಯ. ಕೈಗವಸು, ಕನ್ನಡಕ ಇರಲಿ, ಮೊಮ್ಮಕ್ಕಳು ಹತ್ತಿರ ಬರದಿರಲಿ. ಒದ್ದೆ ಕುಂಡದ ಬಿಸಿಲ ಮಗ್ಗುಲಿಗೆ ಹಳೆಯ ಬ್ರಷ್ಷಿನಿಂದ ಅಲ್ಲಲ್ಲಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಉಬ್ಬಿನ ಮೇಲಿನದನ್ನು ಹೆಚ್ಚು ಒರೆಸಿ, ಗೆರೆ, ತಗ್ಗುಗಳಲ್ಲಿರುವುದನ್ನು ಉಳಿಸಿ. ಆಗ ಏನೂ ಕಾಣದು, ಒಣಗಿದ ಮೇಲೆ ಬಿಳಿ ಎದ್ದು ಕಾಣುತ್ತದೆ, ಆದ್ದರಿಂದ ಹೆಚ್ಚಾಯಿತೇನೋ ಎನ್ನುವ ಮೊದಲೇ ನಿಲ್ಲಿಸಿ. ಮರುದಿನ ಅಂಚಿಗೆ ಉಪ್ಪುಕಾಗದ ಆಡಿಸಿ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಬಣ್ಣದಂತೆ ಪೊರೆಯಾಗಿ ಕೂರುವುದಿಲ್ಲ, ಕುಂಡದ ಉಸಿರು ಕಟ್ಟುವುದಿಲ್ಲ. ಒಳಮೈಗೆ ಮಾತ್ರ ಹಚ್ಚಬೇಡಿ. ಕೇಪಳದಂಥ ಹುಳಿ ಮಣ್ಣು ಬಯಸುವ ಗಿಡಗಳ ಕುಂಡಕ್ಕೆ ಹೊರಗೂ ಬೇಡ. ಸುಣ್ಣ ಇಳಿದರೆ ಎಲೆ ಹಳದಿಯಾಗುತ್ತದೆ.

ನಿಮ್ಮಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಎರಡೂ ಇದ್ದರೆ, ಬಿಳಿಯಾಗಬೇಕಾದ ಕುಂಡಗಳಿಗೆ ಬೋರ್‌ವೆಲ್ ನೀರು, ಹಸಿರಾಗಬೇಕಾದವಕ್ಕೆ ಕಾವೇರಿ ನೀರು ಅಥವಾ ಮಳೆ ನೀರು ಹಾಕಿ. ಗಡಸು ನೀರು ತಾನಾಗಿಯೇ ಬಿಳಿ ಬರೆಯುತ್ತದೆ. ಆದರೆ ಎಲ್ಲ ಬಿಳಿಯೂ ಒಳ್ಳೆಯ ಬಿಳಿಯಲ್ಲ. ಅನುಮಾನ ಬಂದರೆ ಅದರ ಮೇಲೆ ನಿಂಬೆರಸ ಹಿಂಡಿ. ನೊರೆ ಎದ್ದರೆ ಸುಣ್ಣ, ಇರಲಿ ಬಿಡಿ. ನೊರೆಯೇಳದೆ ಬರೀ ನೀರಿಗೇ ಕರಗಿ ಹೋದರೆ ಅದು ರಾಸಾಯನಿಕ ಗೊಬ್ಬರದ ಉಪ್ಪು. ಗೊಬ್ಬರ ಹೆಚ್ಚಾಗಿದೆ ಎಂದರ್ಥ. ಅದು ಕುಂಡದ ಅಂಚಿನಲ್ಲಿ ಕೂತರೆ ಅಲ್ಲಿಗೆ ಒರಗಿದ ಎಲೆಯ ತೊಟ್ಟು ಸುಟ್ಟಂತಾಗುತ್ತದೆ. ತೊಳೆದು ತೆಗೆಯಿರಿ.

ಹಸಿರಿನ ಮಾತು ಬೇರೆ. ಅದಕ್ಕೆ ತಾಳ್ಮೆಯೂ ಬೇಕು, ಊರೂ ಒಪ್ಪಬೇಕು. ಮಡಿಕೇರಿಯಲ್ಲಿ ಕುಂಡವನ್ನು ಹೊರಗಿಟ್ಟು ಮರೆತರೂ ಪಾಚಿ ಬರುತ್ತದೆ. ನಮಗೆ ಮೈಸೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಮಳೆ, ಅದೂ ಬಿಟ್ಟು ಬಿಟ್ಟು. ಎರಡು ಮಳೆಗಳ ನಡುವಿನ ಒಣ ಗಾಳಿಯಲ್ಲೇ ಎಳೆಯ ಪಾಚಿ ಸಾಯುತ್ತದೆ. ಇಲ್ಲಿ ನಾವು ಮಾಡಬೇಕಾದದ್ದು ಆ ನಡುವಿನ ದಿನಗಳಲ್ಲಿ ಒದ್ದೆ ಕಾಪಾಡುವುದು, ಅಷ್ಟೇ. ನೀವು ಮೊಸರು ಬಳಿದಾಗ ಸೋತದ್ದೂ ಇದರಿಂದಲೇ. ಮೊಸರಿನ ಮೇಲೆ ಮೊದಲು ಬರುವುದು ಬೂಷ್ಟು. ಅದು ಒಣಗಿದರೆ ಕೊಬ್ಬಿನ ಪೊರೆ ಉಳಿಯುತ್ತದೆ, ಇರುವೆಗಳಿಗೆ ಹಬ್ಬವಾಗುತ್ತದೆ. ಪಾಚಿಗೆ ಬೇಕಾದದ್ದು ಮೊಸರಲ್ಲ, ಆರದ ಒದ್ದೆ.

ನಾನು ಬಳಸುವ ಬಗ್ಗಡ ಹೀಗಿದೆ. ಎರಡು ಹಿಡಿ ಜೇಡಿಮಣ್ಣು ಅಥವಾ ಕೆರೆ ಗೋಡು, ಒಂದು ಹಿಡಿ ಹಸಿ ಸಗಣಿ, ಒಂದು ಹಿಡಿ ಒಣಗಿಸಿ ಪುಡಿ ಮಾಡಿದ ಪಾಚಿ, ಬಳಿಯುವ ಹದಕ್ಕೆ ಬರುವಷ್ಟು ಉಪ್ಪು ಹಾಕದ ಅನ್ನದ ಗಂಜಿ. ಪಾಚಿಯನ್ನು ನಿಮ್ಮದೇ ಕಾಂಪೌಂಡ್ ಗೋಡೆಯ ಬುಡದಿಂದ, ನೀರಿನ ತೊಟ್ಟಿಯ ಪಕ್ಕದಿಂದ ಕೆರೆದು ತೆಗೆಯಿರಿ. ದೇವಸ್ಥಾನದ ಕಲ್ಲಿನಿಂದ, ಕೋಟೆಯಿಂದ, ಕಾಡಿನಿಂದ ತರುವುದು ಬೇಡವೇ ಬೇಡ. ನಿಮ್ಮ ಗೋಡೆಯಲ್ಲಿ ಬದುಕಿರುವ ಪಾಚಿ ನಿಮ್ಮ ಅಂಗಳದ ಬಿಸಿಲು, ನೀರಿಗೆ ಆಗಲೇ ಒಗ್ಗಿರುತ್ತದೆ, ಅದೇ ಬದುಕುತ್ತದೆ. ಕೆರೆಯ ಅಂಚಿನಲ್ಲಿ ನೀರು ಹಿಂದೆ ಸರಿದಾಗ ಗೋಡು ಒಣಗಿ, ಹಸಿರು ಚರ್ಮ ಹೊತ್ತು, ಸುರುಳಿಯಾಗಿ ಸಿಪ್ಪೆಯೇಳುವುದನ್ನು ನೋಡಿರುತ್ತೀರಿ. ಊರಿನ ಕಡೆ ಹೋದಾಗ ಅಂಥ ಗೋಡು ಒಂದು ಹಿಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಬಿತ್ತನೆ ಇಲ್ಲ.

ಈ ಬಗ್ಗಡವನ್ನು ನೆನೆದ ಕುಂಡದ ನೆರಳ ಮಗ್ಗುಲಿಗೆ, ಬುಡದಿಂದ ಅರ್ಧದವರೆಗೆ ತೆಳ್ಳಗೆ ಬಳಿಯಿರಿ. ದಪ್ಪ ಬಳಿದರೆ ಒಣಗಿ ಬಿರುಕು ಬಿಟ್ಟು ಬೀಳುತ್ತದೆ. ಮೇಲೆ ಒದ್ದೆ ಗೋಣಿತಾಟು ಸುತ್ತಿ. ಹೊಸ ಸಿಮೆಂಟ್ ಕಂಬಕ್ಕೆ ಗಾರೆಯವರು ಸುತ್ತುತ್ತಾರಲ್ಲ, ಹಾಗೆ. ಬೆಳಿಗ್ಗೆ, ಸಂಜೆ ಗೋಣಿತಾಟಿಗೆ ನೀರು ಚಿಮುಕಿಸಿ. ಬೆಳಕು ಒಳಗೆ ಇಣುಕುವಂತೆ ಗೋಣಿ ಸಡಿಲವಾಗಿರಲಿ. ಎರಡು ವಾರದ ಮೇಲೆ ಗೋಣಿ ತೆಗೆದು, ಬರೀ ನೀರು ಸಿಂಪಡಿಸುವುದನ್ನು ಮುಂದುವರಿಸಿ. ಸಗಣಿಯ ವಾಸನೆ ಎರಡು ಮೂರು ದಿನಕ್ಕೆ ಹೋಗುತ್ತದೆ. ಮೊದಲು ಕಾಣುವುದು ಹಸಿರು ಬೂದಿ ಎರಚಿದಂಥ ತೆಳು ಲೇಪ, ಅದು ಬರೀ ಪಾಚಿ. ಮೆತ್ತನೆಯ ವೆಲ್ವೆಟ್ಟಿನಂಥ ಹಾವಸೆ ಬರಲು ಆರರಿಂದ ಎಂಟು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು.

ಕುಂಡವನ್ನು ಖಾಲಿ ಇಟ್ಟು ಹೊರಗೆ ಮಾತ್ರ ನೀರು ಹೊಡೆಯುವವರಿದ್ದಾರೆ. ಆಗ ಅರ್ಧ ಫಲ ಮಾತ್ರ ಸಿಗುತ್ತದೆ. ಒಳಗೆ ಒದ್ದೆ ಮಣ್ಣು, ನೀರು ಕೇಳುವ ಗಿಡ ಇದ್ದರೆ ಗೋಡೆ ಒಳಗಿನಿಂದಲೇ ತೇವವಾಗಿರುತ್ತದೆ. ಜರಿಗಿಡ, ಬಿಗೋನಿಯ, ಕೆಸುವಿನ ಜಾತಿಯ ಕೆಲೇಡಿಯಂ ಇವು ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಕಳ್ಳಿಯ ಕುಂಡ ಹಸಿರಾಗಲಿ ಎಂದು ಕಾಯುವುದು ಬೇಡ.

ಯಾವಾಗ, ಎಲ್ಲಿ? ಆರಿದ್ರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ಕೊನೆಯ ವಾರದಲ್ಲಿ ಶುರು ಮಾಡಿದರೆ ಮೋಡ ನಿಮ್ಮ ಪಾಲಿನ ಅರ್ಧ ಕೆಲಸ ಮಾಡುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನವರೆಗಿನ ಹಸ್ತ, ಚಿತ್ತ ಮಳೆಗಳು ಬರುವಷ್ಟರಲ್ಲಿ ಬೇರೂರಲು ಸಮಯ ಸಿಗುತ್ತದೆ. (ಬೇರೂರುವುದು ಎಂದೆ, ಆದರೆ ಹಾವಸೆಗೆ ನಿಜವಾದ ಬೇರಿಲ್ಲ, ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳಷ್ಟೇ. ನೀರನ್ನು ಅದು ಕುಡಿಯುವುದು ಎಲೆಯಿಂದ. ಅದಕ್ಕೇ ಚಿಮುಕಿಸುವುದು ಮುಖ್ಯ.) ಜಾಗದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮನೆಯ ಉತ್ತರಕ್ಕೆ ಇಟ್ಟರೆ ವರ್ಷವಿಡೀ ನೆರಳು ಎಂದು ವಿದೇಶದ ತೋಟದ ಪುಸ್ತಕಗಳಲ್ಲಿರುತ್ತದೆ. ಅದು ಇಂಗ್ಲೆಂಡಿನಂಥ ದೇಶಕ್ಕೆ ಬಹುಮಟ್ಟಿಗೆ ಸರಿ. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಮೋಡ ಸರಿದ ದಿನ ಉತ್ತರದ ಗೋಡೆಗೇ ಬಿಸಿಲು ಬೀಳುತ್ತದೆ. ಆದ್ದರಿಂದ ಆ ತಿಂಗಳುಗಳಲ್ಲಿ ಹಸಿರು ಕುಂಡಗಳು ಮರದ ಕೆಳಗಿರಲಿ, ಹೊಂಗೆ, ಸಂಪಿಗೆ, ಮಾವು ಯಾವುದಾದರೂ ಸರಿ. ಆಗಸ್ಟ್ ಕಳೆದ ಮೇಲೆ ಉತ್ತರದ ಗೋಡೆಗೆ ತಂದರೆ ಚಳಿಗಾಲ ಮುಗಿಯುವವರೆಗೆ ನೆರಳು ಖಾತ್ರಿ.

ಮಾರ್ಚಿನಲ್ಲಿ ಹಾವಸೆ ಕಂದಾಗಿ ಒಣಗಿದ ಹಾಗೆ ಕಾಣುತ್ತದೆ. ಸತ್ತಿತು ಎಂದು ಕೆರೆಯಬೇಡಿ. ಮೇ ತಿಂಗಳ ಮೊದಲ ಗುಡುಗು ಮಳೆ ಬಿದ್ದ ಮರುದಿನ ಬೆಳಿಗ್ಗೆ ಹೋಗಿ ನೋಡಿ, ಅದೇ ಜಾಗದಲ್ಲಿ ಹಸಿರು ಎದ್ದಿರುತ್ತದೆ. ಅದನ್ನು ಕೊಲ್ಲುವುದು ಬೇಸಿಗೆಯಲ್ಲ, ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಗಿಡದ ರೋಗಕ್ಕೆಂದು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ಅಭ್ಯಾಸ ನಿಮಗಿದ್ದರೆ ಕುಂಡದ ಹೊರಮೈಗೆ ಬಟ್ಟೆ ಸುತ್ತಿ ಸಿಂಪಡಿಸಿ. ತಾಮ್ರ ಪಾಚಿಗೆ ವಿಷ. ಇದೇ ಕಾರಣಕ್ಕೆ ಹಳೆಯ ತಾಮ್ರದ ಹಂಡೆಯಲ್ಲಿ ನೇರವಾಗಿ ಮಣ್ಣು ತುಂಬಿ ಗಿಡ ನೆಡಬೇಡಿ. ಕಿಲುಬು ಕಣ್ಣಿಗೆ ಚೆಂದ, ಬೇರಿಗಲ್ಲ. ಗಿಡವನ್ನು ಬೇರೆ ಕುಂಡದಲ್ಲಿ ನೆಟ್ಟು ಹಂಡೆಯೊಳಗೆ ಇಳಿಸಿಡಿ.

ಸಿಮೆಂಟ್ ಕುಂಡಗಳಿಗೆ ಬರುತ್ತೇನೆ. ಹೊಸ ಸಿಮೆಂಟಿನಲ್ಲಿ ಕ್ಷಾರ ತುಂಬಾ ಹೆಚ್ಚು, ಪಿಎಚ್ 12ಕ್ಕಿಂತ ಮೇಲಿರುತ್ತದೆ. ಅದರ ಮೇಲೆ ಹಾವಸೆ ಕೂರುವುದಿಲ್ಲ, ಒಳಗೆ ನೆಟ್ಟ ಗಿಡಕ್ಕೂ ಸುಖವಿಲ್ಲ. ಮೂರು ವಾರ ನೀರಿನಲ್ಲಿ ನೆನೆಹಾಕಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಆಮೇಲೆ ಅದರ ಬಿಳಚು ತೆಗೆಯಲು ಅನ್ನಭೇದಿ ಬಳಸಿ. ಫೆರಸ್ ಸಲ್ಫೇಟ್ ಎಂದು ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಮಂಡ್ಯದ ಕಡೆಯ ಕಬ್ಬಿನ ರೈತರಿಗೆ ಪರಿಚಯದ ವಸ್ತು, ಎಲೆ ಬಿಳಿಚಿಕೊಂಡಾಗ ಕಬ್ಬಿಣದ ಕೊರತೆ ನೀಗಲು ಸಿಂಪಡಿಸುತ್ತಾರೆ. ಒಂದು ಲೀಟರ್ ನೀರಿಗೆ 50 ಗ್ರಾಂ ಕರಗಿಸಿ, ಒದ್ದೆ ಕುಂಡದ ಮೇಲೆ ಬ್ರಷ್ಷಿನಿಂದ ಮೇಲಿನಿಂದ ಕೆಳಗೆ ಇಳಿಬಿಡಿ. ಮೊದಲು ಪಾಚಿಯಂಥ ಹಸಿರು ಬಣ್ಣ ಕಾಣುತ್ತದೆ. ಸಿಮೆಂಟಿನ ಸುಣ್ಣದ ಜೊತೆ ಸೇರಿ, ಗಾಳಿ ತಾಗುತ್ತಿದ್ದಂತೆ ಕೆಲವು ಗಂಟೆಗಳಲ್ಲಿ ಕಾವಿಯಂಥ ಕಂದು ಬರುತ್ತದೆ. ಇದು ಬಣ್ಣದ ಪೊರೆಯಲ್ಲ, ಸಿಮೆಂಟಿನ ಮೈಯೊಳಗೇ ಆಗುವ ತುಕ್ಕು, ತೊಳೆದರೆ ಹೋಗುವುದಿಲ್ಲ. ಹಾಗಾಗಿ ಮೊದಲು ತಳದಲ್ಲಿ ಹಚ್ಚಿ ನೋಡಿ. ನೆಲದ ಟೈಲ್ಸ್ ಮೇಲೆ, ಗ್ರಾನೈಟ್ ಮೇಲೆ ಒಂದು ಹನಿ ಬಿದ್ದರೂ ಕಲೆ ಉಳಿದುಬಿಡುತ್ತದೆ, ಮಣ್ಣಿನ ನೆಲದಲ್ಲೇ ಕೆಲಸ ಮಾಡಿ.

ಅಚ್ಚಿನ ಗೆರೆಗಳು, ಚೂಪಾದ ಅಂಚುಗಳು ಸಿಮೆಂಟ್ ಕುಂಡದ ಹೊಸತನವನ್ನು ಬೇರೆಲ್ಲಕ್ಕಿಂತ ಬೇಗ ಬಿಟ್ಟುಕೊಡುತ್ತವೆ. ಒರಟು ಕಲ್ಲಿನಿಂದ ನೀರು ಹಾಕಿ ಉಜ್ಜಿ ಮೊಂಡು ಮಾಡಿ. ಇದಕ್ಕೆ ಕೆಲವರು ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯುತ್ತಾರೆ. ಮೇಲಿನ ಸಿಮೆಂಟ್ ಕರಗಿ ಮರಳು ಎದ್ದು ಕಾಣುತ್ತದೆ, ನಿಜ. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಆ್ಯಸಿಡ್ ಒಳಗಿನ ತಂತಿಗೂ ಇಳಿದು, ತಂತಿ ತುಕ್ಕು ಹಿಡಿದು ಉಬ್ಬಿ, ಎರಡು ವರ್ಷದಲ್ಲಿ ಕುಂಡ ಮೇಲಿನಿಂದ ಕೆಳಗೆ ಸೀಳಿತು. ಅದರ ಹೊಗೆ ಶ್ವಾಸಕೋಶಕ್ಕೂ ಕೆಟ್ಟದ್ದು. ನಿಮ್ಮ ವಯಸ್ಸಿನವರು ಅದರ ತಂಟೆಗೇ ಹೋಗಬಾರದು.

ಪ್ಲಾಸ್ಟಿಕ್ ಕುಂಡಗಳನ್ನು ನೀವು ಕೊಂಡಿಲ್ಲ, ಒಳ್ಳೆಯದಾಯಿತು. ಗೋಡೆಯಲ್ಲಿ ನೀರು ಓಡಾಡದ ಕುಂಡಕ್ಕೆ ವಯಸ್ಸು ಬರುವುದಿಲ್ಲ, ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ, ಅಷ್ಟೇ.

ಒರಳಿನ ಗುಂಡಿಯಲ್ಲಿ ಗಿಡ ನೆಡುವ ಯೋಚನೆ ಇದ್ದರೆ ತಳದಲ್ಲಿ ತೂತಿಲ್ಲ ಎಂಬುದು ನೆನಪಿರಲಿ. ಕಲ್ಲುಕುಟಿಕರಿಂದ ಕೊರೆಸಬಹುದು. ನಾನಾದರೆ ಕೊರೆಸುವುದಿಲ್ಲ. ಅತ್ತೆಯವರು ಅಕ್ಕಿ ರುಬ್ಬಿದ ಕಲ್ಲು ಅದು. ಗುಂಡಿಯಲ್ಲಿ ಹಕ್ಕಿಗಳಿಗೆ ನೀರಿಡಿ, ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ಕುಂಡಗಳ ತಟ್ಟೆಗಳಲ್ಲಿ ನಿಂತ ನೀರನ್ನೂ ಹಾಗೆಯೇ ಚೆಲ್ಲುತ್ತಿರಿ. ಡೆಂಗಿ ಹರಡುವ ಸೊಳ್ಳೆ ಇಂಥ ಸ್ವಚ್ಛ ನೀರಿನಲ್ಲೇ ಮೊಟ್ಟೆಯಿಟ್ಟು, ಒಂದು ವಾರ ಹತ್ತು ದಿನದಲ್ಲಿ ಹಾರಲು ತಯಾರಾಗುತ್ತದೆ. ಒದ್ದೆ ಬೇಕಾದದ್ದು ಕುಂಡದ ಮೈಗೆ, ತಟ್ಟೆಗಲ್ಲ.

ಇನ್ನು ದಸರಾದ ಲೆಕ್ಕ. ಆರಿದ್ರಾದಲ್ಲಿ ಆರಂಭಿಸಿದರೆ ನಿಮಗೆ ಸಿಗುವುದು ಮೂರು ತಿಂಗಳಿಗೂ ಸ್ವಲ್ಪ ಹೆಚ್ಚು. ಸುಣ್ಣದ ಕುಂಡಗಳು ಅಷ್ಟರಲ್ಲಿ ಪೂರ್ತಿ ಸಿದ್ಧ. ಅವನ್ನು ಮುಂಬಾಗಿಲ ಎರಡು ಕಡೆ, ಮೆಟ್ಟಿಲ ಮೇಲೆ ಇಡಿ. ಸಿಮೆಂಟಿನವು ಕಂದಾಗಿರುತ್ತವೆ, ಆದರೆ ಒಂದು ಮಳೆಗಾಲದ ಧೂಳು, ಕೆಸರು ತಾಗದೆ ಇನ್ನೂ ಸ್ವಲ್ಪ ಹಸಿಹಸಿಯಾಗಿ ಕಾಣುತ್ತವೆ. ಗಿಡ ಇಳಿಬಿದ್ದು ಅಂಚು ಮುಚ್ಚುವಂತೆ ಮನಿ ಪ್ಲಾಂಟ್ ನೆಟ್ಟು ಕಾಂಪೌಂಡಿನ ಮೂಲೆಗೆ ಸೇರಿಸಿ. ಹಸಿರು ಬಳಿದ ಕುಂಡಗಳಲ್ಲಿ ಎಲ್ಲವೂ ಹಿಡಿಯುವುದಿಲ್ಲ, ಆರರಲ್ಲಿ ಮೂರು ಹಿಡಿದರೆ ನಿಮ್ಮ ಕೈಗುಣ ಚೆನ್ನಾಗಿದೆ ಎಂದುಕೊಳ್ಳಿ. ಆ ಮೂರನ್ನು ಒರಳಿನ ಪಕ್ಕ, ತುಳಸಿ ಕುಂಡಕ್ಕೆ ತಾಗಿದಂತೆ, ಹಸಿರು ಮಗ್ಗುಲು ನೋಡುವವರ ಕಡೆಗೆ ತಿರುಗಿಸಿ ಇಡಿ. ಗೊಂಬೆ ಇಳಿಸಿ ಮಕ್ಕಳು ಊರಿಗೆ ಹೊರಟ ಮೇಲೆ ಮತ್ತೆ ಅದೇ ಮಗ್ಗುಲನ್ನು ಗೋಡೆಗೆ ತಿರುಗಿಸಲು ಮರೆಯಬೇಡಿ. ಹಿಡಿಯದ ಮೂರನ್ನು ತೊಳೆದು, ಚಿತ್ತ ಮಳೆ ಇರುವಾಗಲೇ ಮತ್ತೊಂದು ಕೈ ಬಗ್ಗಡ ಬಳಿದು ಹಿತ್ತಲಿನಲ್ಲಿಡಿ.